ಟಿಕೆಟ್ ಕೊಂಡವನಿಗೆ ಆದದ್ದೇನು?

ಭತ್ತದ ಕೊಯ್ಲು ಮುಗಿದು ಗದ್ದೆಯ ಕೂಳೆ ಒಣಗಿತೆಂದರೆ ಸಕಲೇಶಪುರ, ಆಲೂರು ಸೀಮೆಯಲ್ಲಿ ಕ್ರಿಕೆಟ್ ಶುರು. ಹೆತ್ತೂರು, ಹಾನುಬಾಳು, ಬಾಳ್ಳುಪೇಟೆ, ಪಾಳ್ಯ, ಮಗ್ಗೆ ಎಂದು ಊರೂರಿನ ಹುಡುಗರು ಕಾಫಿ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಟೆನಿಸ್ ಬಾಲ್ ಟೂರ್ನಿಗೆ ಸೇರುತ್ತಾರೆ. ರಸ್ತೆ ಬದಿಗೆ ಫ್ಲೆಕ್ಸ್, ಗದ್ದೆ ಬದುವಿನ ಮೇಲೆ ಮೈಕು, ಮೊದಲ ಬಹುಮಾನಕ್ಕೆ ಒಂದಿಷ್ಟು ನಗದು ಮತ್ತು ಆಳೆತ್ತರದ ಟ್ರೋಫಿ. ಈಚಿನ ವರ್ಷಗಳಲ್ಲಿ ಇದಕ್ಕೆ ಹರಾಜೂ ಸೇರಿಕೊಂಡಿದೆ. ಊರಿನ ಹೆಸರಿನ ಮುಂದೆ ‘ಪ್ರೀಮಿಯರ್ ಲೀಗ್’ ಎಂದು ಬರೆದು, ಆಟಗಾರರನ್ನು ಪಾಯಿಂಟ್ ಲೆಕ್ಕದಲ್ಲಿ ಕೂಗಿ ಕೊಳ್ಳುತ್ತಾರೆ.

ಈ ಮಾದರಿ ಎಲ್ಲಿಂದ ಬಂತೆಂದು ಎಲ್ಲರಿಗೂ ಗೊತ್ತು. 2008ರಲ್ಲಿ ಐಪಿಎಲ್ ಶುರುವಾಯಿತು. ಮರುವರ್ಷವೇ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಕರ್ನಾಟಕ ಪ್ರೀಮಿಯರ್ ಲೀಗ್ ಹುಟ್ಟುಹಾಕಿತು. ಆ ಮೊದಲ ಸಾಲಿನಲ್ಲಿ ‘ಮಲ್ನಾಡ್ ಗ್ಲಾಡಿಯೇಟರ್ಸ್’ ಎಂಬ ತಂಡವೂ ಇತ್ತು. ಬೆಂಗಳೂರಿನ ಕ್ಲಬ್ಬುಗಳ ಆಚೆಗಿನ ಹುಡುಗರಿಗೂ ದಾರಿ ತೆರೆಯುತ್ತದೆ ಎಂಬುದು ಲೀಗಿನ ಭರವಸೆ, ಮತ್ತು ಅದು ಪೂರ್ತಿ ಪೊಳ್ಳಾಗಿರಲಿಲ್ಲ. ಪಕ್ಕದ ಕೊಡಗಿನ ಕೆ.ಸಿ. ಕಾರಿಯಪ್ಪ ಬಿಜಾಪುರ ಬುಲ್ಸ್ ತಂಡಕ್ಕೆ ಸ್ಪಿನ್ ಮಾಡಿದ್ದನ್ನು ನೋಡಿಯೇ 2015ರ ಐಪಿಎಲ್ ಹರಾಜಿನಲ್ಲಿ ಕೋಲ್ಕತ್ತ ತಂಡ 2.4 ಕೋಟಿ ರೂಪಾಯಿ ಕೊಟ್ಟಿತು. ಅವರ ಮೂಲ ಬೆಲೆ ಇದ್ದದ್ದು ಬರೀ 10 ಲಕ್ಷ. ತೋಟದ ಸೀಮೆಯ ಎಷ್ಟು ಮನೆಗಳಲ್ಲಿ ಆ ಸುದ್ದಿ ಕನಸು ಬಿತ್ತಿರಬೇಕು!

ಅದೇ ಲೀಗು 2019ರಲ್ಲಿ ಮುರಿದು ಬಿತ್ತು. ಆಗಸ್ಟ್ 31ರಂದು ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ 8 ರನ್ನುಗಳಿಂದ ಬಳ್ಳಾರಿ ಟಸ್ಕರ್ಸ್ ತಂಡವನ್ನು ಸೋಲಿಸಿತು. ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಟ್ಟಿಂಗ್ ಆರೋಪದ ಮೇಲೆ ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕರನ್ನು ಬಂಧಿಸಿದರು. ಆಮೇಲೆ ಬೆಂಗಳೂರು ತಂಡದ ಬೌಲಿಂಗ್ ಕೋಚ್, ಒಬ್ಬ ಬ್ಯಾಟ್ಸ್‌ಮನ್. ನವೆಂಬರ್ 7ರಂದು ಬಳ್ಳಾರಿ ತಂಡದ ನಾಯಕ ಸಿ.ಎಂ. ಗೌತಮ್ ಮತ್ತು ಸಹ ಆಟಗಾರ ಅಬ್ರಾರ್ ಖಾಜಿ. ಫೈನಲ್‌ನಲ್ಲಿ ಬೇಕೆಂದೇ ನಿಧಾನವಾಗಿ ಬ್ಯಾಟ್ ಮಾಡಲು 20 ಲಕ್ಷ ರೂಪಾಯಿ ಪಡೆದರು ಎಂಬುದು ಪೊಲೀಸರ ಆರೋಪ. ಗೌತಮ್ ರಣಜಿ ಗೆದ್ದ ಕರ್ನಾಟಕ ತಂಡದ ವಿಕೆಟ್ ಕೀಪರ್. ಆರೋಪ ಯಾರ ಮೇಲೂ ಸಾಬೀತಾಗಲಿಲ್ಲ, ವಿಚಾರಣೆಯೇ ನಡೆಯಲಿಲ್ಲ. ಆದ್ದರಿಂದ ಅವರನ್ನು ತಪ್ಪಿತಸ್ಥರೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ವಿಚಾರಣೆ ಯಾಕೆ ನಡೆಯಲಿಲ್ಲ ಎಂಬುದೇ ಇಲ್ಲಿ ನಿಂತು ನೋಡಬೇಕಾದ ಸಂಗತಿ. 2022ರ ಜನವರಿ 10ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶ್ರೀನಿವಾಸ್ ಹರೀಶ್ ಕುಮಾರ್ ಪ್ರಕರಣವನ್ನು ರದ್ದು ಮಾಡಿದರು. ಭಾರತೀಯ ದಂಡ ಸಂಹಿತೆಯ 420ನೇ ಕಲಮಿನಡಿ ವಂಚನೆ ಎನ್ನಿಸಿಕೊಳ್ಳಲು ಒಬ್ಬನನ್ನು ನಂಬಿಸಿ, ಆ ನಂಬಿಕೆಯಿಂದ ಅವನು ಹಣವನ್ನೋ ಸೊತ್ತನ್ನೋ ಬಿಟ್ಟುಕೊಡುವಂತೆ ಮಾಡಿರಬೇಕು. ಪ್ರೇಕ್ಷಕ ಟಿಕೆಟ್ ಕೊಳ್ಳುವುದು ತನ್ನ ಇಷ್ಟದಿಂದ. ಆಟಗಾರ ಅವನಿಂದ ಕೊಳ್ಳಿಸಿದ್ದಲ್ಲ. ಆಟವನ್ನು ಪ್ರೀತಿಸುವವರಿಗೆ ಮೋಸವಾಯಿತು ಎನ್ನಿಸುವುದು ಸಹಜ, ಆದರೆ ಆ ಭಾವನೆಯೇ ಅಪರಾಧವಾಗದು. ಶಿಸ್ತುಕ್ರಮ ಬಿಸಿಸಿಐಗೆ ಬಿಟ್ಟದ್ದು ಎಂದು ತೀರ್ಪು ಹೇಳಿತು. ಬೆಟ್ಟಿಂಗ್ ಆರೋಪವೂ ನಿಲ್ಲಲಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅದೃಷ್ಟದಾಟದ ವ್ಯಾಖ್ಯೆಯಿಂದ ಕ್ರೀಡೆಯನ್ನು ಹೊರಗಿಟ್ಟಿದೆ. ಕ್ರಿಕೆಟ್ ಒಂದು ಕ್ರೀಡೆ.

ಕಾನೂನಿನ ಅಕ್ಷರ ಹಿಡಿದು ಓದಿದರೆ ಈ ತೀರ್ಪು ಪ್ರಾಮಾಣಿಕವಾದದ್ದು. ದಂಡನೆಯ ಕಾನೂನನ್ನು ಜನರ ಸಿಟ್ಟಿಗೆ ತಕ್ಕಂತೆ ಹಿಗ್ಗಿಸಬಾರದು ಎಂಬ ಎಚ್ಚರ ಅದರಲ್ಲಿದೆ. ಆದರೆ ಟಿಕೆಟಿನ ಬಗ್ಗೆ ಅದು ಆಡುವ ಮಾತು ಸಕಲೇಶಪುರದ ಕಾಫಿ ವ್ಯಾಪಾರ ಬಲ್ಲವರಿಗೆ ಒಪ್ಪಿಗೆಯಾಗುವುದು ಕಷ್ಟ. ಬೆಳೆಗಾರ ಚೆರ್ರಿ ಮೂಟೆ ತಂದಾಗ ವ್ಯಾಪಾರಿ ಮೀಟರಿಟ್ಟು ತೇವ ನೋಡುತ್ತಾನೆ, 50 ಕಿಲೋ ಮೂಟೆಗೆ ಎಷ್ಟು ಬೇಳೆ ಇಳಿಯುತ್ತದೆಂದು ಔಟ್‌ಟರ್ನ್ ತೆಗೆಯುತ್ತಾನೆ, ಆಮೇಲೆ ರೇಟು. ಬೆಳೆಗಾರ ಮಾರುವುದೂ ಇಷ್ಟದಿಂದಲೇ. ಹಾಗೆಂದು ಔಟ್‌ಟರ್ನಿನಲ್ಲಿ ಕೈಚಳಕ ತೋರಿಸಿದರೆ ಅದು ಮೋಸವಲ್ಲ ಎಂದು ಯಾರೂ ಹೇಳುವುದಿಲ್ಲ. ಇಷ್ಟಪಟ್ಟು ಬಂದವನ ನಂಬಿಕೆಯ ಮೇಲೆಯೇ ವ್ಯವಹಾರ ನಿಂತಿರುತ್ತದೆ. ಕ್ರಿಕೆಟಿಗೆ ಟಿಕೆಟ್ ಕೊಳ್ಳುವವನು ಕೊಳ್ಳುವುದು ಮೂರು ಗಂಟೆಯ ಕುರ್ಚಿಯನ್ನಲ್ಲ, ಎರಡೂ ತಂಡ ಗೆಲ್ಲಲು ಆಡುತ್ತವೆ ಎಂಬ ಭರವಸೆಯನ್ನು. ಆ ಭರವಸೆ ತೆಗೆದರೆ ಅಲ್ಲಿ ಮಾರಾಟಕ್ಕೆ ಏನೂ ಉಳಿದಿರುವುದಿಲ್ಲ.

ಆದರೂ ದೂರಬೇಕಾದದ್ದು ನ್ಯಾಯಮೂರ್ತಿಗಳನ್ನಲ್ಲ, ಕಾನೂನು ಮಾಡಬೇಕಾದವರನ್ನು. 2010ರಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಹಣಕ್ಕಾಗಿ ನೋ ಬಾಲ್ ಹಾಕಿಸಿದ ಪಾಕಿಸ್ತಾನದ ಸಲ್ಮಾನ್ ಬಟ್, ಹಾಕಿದ ಮೊಹಮ್ಮದ್ ಆಸಿಫ್, ಮೊಹಮ್ಮದ್ ಆಮಿರ್ ಮರುವರ್ಷ ಲಂಡನ್ನಿನಲ್ಲಿ ಜೈಲಿಗೆ ಹೋದರು. ಇಂಗ್ಲೆಂಡಿನಲ್ಲಿ ಬೆಟ್ಟಿಂಗ್ ಸಕ್ರಮ. ಅದಕ್ಕೇ ಅಲ್ಲಿನ 2005ರ ಜೂಜು ಕಾಯ್ದೆ ಬಾಜಿ ಕಟ್ಟಿದವನಿಗೆ ಮಾಡುವ ಮೋಸವನ್ನು ಅಪರಾಧವೆಂದು ಸ್ಪಷ್ಟವಾಗಿ ಬರೆದಿಟ್ಟಿದೆ. ಶ್ರೀಲಂಕಾ 2019ರಲ್ಲಿ, ಅಂದರೆ ನಮ್ಮ ಲೀಗು ಹೊತ್ತಿ ಉರಿಯುತ್ತಿದ್ದ ವರ್ಷವೇ, ಫಿಕ್ಸಿಂಗ್‌ಗೆ 10 ವರ್ಷದವರೆಗೆ ಜೈಲು ಎಂಬ ಕಾಯ್ದೆ ತಂದಿತು. ನಮ್ಮಲ್ಲಿ? 2013ರ ಐಪಿಎಲ್ ಹಗರಣದ ಬಿಸಿಯಲ್ಲಿ ಕ್ರೀಡಾ ವಂಚನೆ ತಡೆ ಮಸೂದೆಯ ಕರಡು ಸಿದ್ಧವಾಯಿತು, ಕಾಯ್ದೆಯಾಗಲಿಲ್ಲ. 2018ರಲ್ಲಿ ಕಾನೂನು ಆಯೋಗ ತನ್ನ 276ನೇ ವರದಿಯಲ್ಲಿ ಮ್ಯಾಚ್ ಫಿಕ್ಸಿಂಗನ್ನು ಅಪರಾಧವಾಗಿಸಿ ಎಂದು ಶಿಫಾರಸು ಮಾಡಿತು. 2024ರ ಜುಲೈನಿಂದ 420 ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 112ನೇ ಕಲಮಿನಲ್ಲಿ ಅಕ್ರಮ ಬೆಟ್ಟಿಂಗ್ ಇದೆ, ಕಾಳಸಂತೆಯ ಟಿಕೆಟ್ ಮಾರಾಟ ಇದೆ, ಪ್ರಶ್ನೆಪತ್ರಿಕೆ ಮಾರಾಟವೂ ಇದೆ. ಪಂದ್ಯವನ್ನೇ ಮಾರುವುದರ ಹೆಸರಿಲ್ಲ.

ಹಣದ ಆಟ ಮಾತ್ರ ನಿಲ್ಲದೆ ಬೆಳೆಯಿತು. ಲೀಗಿನ ಪ್ರಕರಣ ರದ್ದಾದ ಐದೇ ವಾರಕ್ಕೆ, 2022ರ ಫೆಬ್ರವರಿ 14ರಂದು, ಅದೇ ಹೈಕೋರ್ಟ್ ಆನ್‌ಲೈನ್ ಹಣದಾಟ ನಿಷೇಧಿಸಿದ್ದ ರಾಜ್ಯದ ತಿದ್ದುಪಡಿಯನ್ನೂ ತಳ್ಳಿಹಾಕಿತು. ಫ್ಯಾಂಟಸಿ ಆಟದ ಕಂಪನಿಯೊಂದರ ಹೆಸರು ಭಾರತ ತಂಡದ ಅಂಗಿಯ ಮೇಲೇ ಬಂತು. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಾದ ಹಳ್ಳಿಗಳಲ್ಲೂ ವಾರದ ಬಟವಾಡೆಯ ಒಂದು ಪಾಲು ಮೊಬೈಲಿಗೆ ಸಲ್ಲತೊಡಗಿತು. 2025ರ ಆಗಸ್ಟಿನಲ್ಲಿ ಕೇಂದ್ರ ಕಾಯ್ದೆ ಬಂದು ಹಣದಾಟದ ಆ್ಯಪ್‌ಗಳನ್ನು ಮುಚ್ಚಿಸಿದ್ದು ಒಳ್ಳೆಯ ಕೆಲಸವೇ. ಆದರೆ ಆ ಕಾಯ್ದೆ ಹಿಡಿದಿರುವುದು ಬಾಜಿಯ ಅಂಗಡಿಯನ್ನು; ಮೈದಾನದೊಳಗಿನ ಕೈಯನ್ನಲ್ಲ.

ರಾಜ್ಯ ಕ್ರಿಕೆಟ್ ಸಂಸ್ಥೆಯ ಹೊಣೆಯನ್ನೂ ಬಿಡುವಂತಿಲ್ಲ. ತಂಡದ ಒಡೆತನ ಮತ್ತು ಆಡಳಿತ ಒಂದೇ ಕೈಯಲ್ಲಿ ಇರಕೂಡದು ಎಂದು ಸುಪ್ರೀಂ ಕೋರ್ಟ್ 2015ರ ಜನವರಿಯಲ್ಲೇ ಬಿಸಿಸಿಐಗೆ ಹೇಳಿ, ಅದಕ್ಕೆ ಅವಕಾಶ ಕೊಟ್ಟಿದ್ದ ನಿಯಮವನ್ನು ಹೊಡೆದುಹಾಕಿತ್ತು. ಹಿತಾಸಕ್ತಿ ಸಂಘರ್ಷದ ಆ ಪಾಠ ನಮ್ಮ ಸಂಸ್ಥೆಗೆ ಮುಟ್ಟಿರಲಿಲ್ಲ. 2019ರ ಡಿಸೆಂಬರಿನಲ್ಲಿ ಬಂಧನವಾದವರಲ್ಲಿ ಬೆಳಗಾವಿ ತಂಡದ ಕೋಚ್ ಒಬ್ಬರು. ಅವರು ರಾಜ್ಯ ಸಂಸ್ಥೆಯ ವ್ಯವಸ್ಥಾಪಕ ಸಮಿತಿಯ ಸದಸ್ಯರೂ ಆಗಿದ್ದರು. ಆರೋಪ ನಿಜವೋ ಸುಳ್ಳೋ, ಲೀಗನ್ನು ಕಾಯಬೇಕಾದ ಸಮಿತಿಯವರೇ ಒಂದು ತಂಡದ ಬೆಂಚಿನಲ್ಲಿ ಕೂತಿದ್ದು ತಪ್ಪು. ಪಂದ್ಯದ ಮೇಲೆ ಕಣ್ಣಿಡಲು ರೆಫರಿ ಇದ್ದಾರಲ್ಲ ಎನ್ನಬಹುದು. ನಮ್ಮ ಹಾಸನ ಜಿಲ್ಲೆಯ ಜಾವಗಲ್ ಮೂಲದ ಶ್ರೀನಾಥ್ 2006ರಿಂದ ಐಸಿಸಿಯ ಮ್ಯಾಚ್ ರೆಫರಿ. ಅಂಥ ರೆಫರಿ ಓವರ್ ನಿಧಾನವಾದರೆ ದಂಡ ಹಾಕಬಲ್ಲರು, ಅಂಪೈರ್‌ಗೆ ಎದುರು ಮಾತಾಡಿದರೂ ಹಾಕಬಲ್ಲರು. ಬ್ಯಾಟ್ಸ್‌ಮನ್ ಬೇಕೆಂದೇ ನಾಲ್ಕು ಚೆಂಡು ತಡೆದು ಬಿಟ್ಟರೆ ಅವರ ಕಣ್ಣಿಗೆ ಅದು ಬರೀ ಕೆಟ್ಟ ಆಟ. ಒಡೆಯ ಯಾರು, ಅವನ ಹಣ ಎಲ್ಲಿಯದು, ಡ್ರೆಸಿಂಗ್ ರೂಮಿಗೆ ಯಾರು ಬಂದು ಹೋದರು ಎಂಬುದನ್ನು ಪಂದ್ಯಕ್ಕೆ ಮೊದಲೇ ನೋಡದಿದ್ದರೆ ಆಮೇಲೆ ಹಿಡಿಯಲು ಏನೂ ಸಿಗದು.

ಲೀಗು 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಮರಳಿತು. ಫಿಕ್ಸಿಂಗ್ ಪ್ರಕರಣ ರದ್ದು ಮಾಡಿದ ಹೈಕೋರ್ಟ್ ತೀರ್ಪಿನ ವಿರುದ್ಧ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ. ತನ್ನ ಶಿಸ್ತು ಸಂಹಿತೆಯೇ ಸಾಕೆಂದು ಹೇಳಬಹುದಾಗಿದ್ದ ಬಿಸಿಸಿಐ ಕೂಡ 2025ರಲ್ಲಿ ಆ ಕೋರ್ಟಿನ ಮುಂದೆ, ಫಿಕ್ಸಿಂಗ್ ವಂಚನೆಯೇ ಎಂದು ವಾದಿಸಿತು. ಹಾಗಿದ್ದರೆ ಮೋಸಹೋದವನು ಯಾರು ಎಂಬುದಕ್ಕೂ ಅಲ್ಲಿ ಉತ್ತರ ಬೇಕಾಗುತ್ತದೆ. 2019ರ ಆಗಸ್ಟ್ 31ರ ಸಂಜೆ ದುಡ್ಡು ಕೊಟ್ಟು ಮೈಸೂರಿನ ಮೈದಾನಕ್ಕೆ ಹೋಗಿ ಕೂತಿದ್ದವರ ಹೆಸರು ಈವರೆಗೆ ಯಾವ ಕಡತದಲ್ಲೂ ದೂರುದಾರರೆಂದು ಬಂದಿಲ್ಲ.