ಹಾಜರಿ ಪುಸ್ತಕದ ಪಾಠಾಂತರ

ನಮ್ಮ ವಿಮರ್ಶಕರು ಎಂತೆಂಥ ಪುಸ್ತಕಗಳನ್ನೋ ಓದಿದ್ದಾರೆ. ಕಂಟ್ರಾಕ್ಟರನ ಹಾಜರಿ ಪುಸ್ತಕ ಓದಿದವರನ್ನು ನಾನು ಕಂಡಿಲ್ಲ.

ನಮ್ಮವ್ವ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕಸ ಗುಡಿಸಿದವಳು. 2021ರಲ್ಲಿ ಒಂದು ಸಂಜೆ ಮೇಸ್ತ್ರಿ 'ನಾಳೆಯಿಂದ ಬರ್ಬೇಡ' ಅಂದ. 'ಓದ್ದೋನಲ್ವೇನ್ಲಾ, ಹೋಗಿ ಕೇಳು' ಅಂತ ಅವ್ವ ನನ್ನ ಅಟ್ಟಿದಳು. ಮೇಸ್ತ್ರಿ ಪುಸ್ತಕ ತೆಗೆದು ಮುಂದಿಟ್ಟ. ಏಳು ತಿಂಗಳು ಲಕ್ಷ್ಮಮ್ಮ. ಆಮೇಲೆ ಲಕ್ಷ್ಮಮ್ಮ ಇಲ್ಲ, ಐದು ತಿಂಗಳು ಲಕ್ಕಮ್ಮ. ಪಂಡಿತರು ಇದನ್ನು ಪಾಠಾಂತರ ಅಂತಾರೆ. ಲಿಪಿಕಾರನ ಕೈತಪ್ಪು ಅಂತ ಅಡಿಟಿಪ್ಪಣಿ ಹಾಕ್ತಾರೆ. ಇಲ್ಲಿ ಕೈ ತಪ್ಪಿರಲಿಲ್ಲ, ಲೆಕ್ಕ ಸರಿಯಾಗಿತ್ತು.

ಯಾಕೆಂದರೆ ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದವರದು ಒಂದು ವರ್ಷದ ನಿರಂತರ ಸೇವೆ. ಅಂಥವರು ಹೆಚ್ಚಾದರು ಅಂತ ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಇಲ್ಲವೇ ಅಷ್ಟು ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಕೂಲಿಯಂತೆ ಪರಿಹಾರ ಕೊಡಬೇಕು. ಲಕ್ಷ್ಮಮ್ಮನಿಗೂ 240 ತುಂಬದ ಹಾಗೆ, ಲಕ್ಕಮ್ಮನಿಗೂ ತುಂಬದ ಹಾಗೆ ಬರೆದ ಕೃತಿ ಅದು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 240 ಹಾಗೇ ಉಳಿದಿದೆ. (ಆ 'ಸೇವೆ' ಎಂಬ ಮಾತು ನೋಡಿ. ನಮ್ಮ ಕೇರಿಯಲ್ಲಿ ಅದರ ಅರ್ಥ ಬಿಟ್ಟಿ ಚಾಕರಿ. ಹಕ್ಕು ಹುಟ್ಟುವ ಜಾಗಕ್ಕೆ ಕಾನೂನಿನ ಕನ್ನಡಕ್ಕೆ ಬೇರೆ ಪದವೇ ಸಿಗಲಿಲ್ಲವೆ?)

ಈಗ ನಮ್ಮ ಕಾವ್ಯದ ವಿಚಾರ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿ ನಮ್ಮಂಥವರ ಬಾಯಿಗೆ ಮಾತು ಕೊಟ್ಟಿತು. ಆ ಋಣ ದೊಡ್ಡದು. ಆದರೆ ಕಿಚ್ಚು, ನೆತ್ತರು, ಬೆವರು ಅಂತ ಬರೆದ ನಾವು ಆ ಬೆವರಿನ ದಿನಗೂಲಿ ಎಷ್ಟು, ಅದನ್ನು ಯಾರು ಎಲ್ಲಿ ಬರೆದಿಡುತ್ತಾರೆ ಅಂತ ಕೇಳಲಿಲ್ಲ. 1942ರಿಂದ 1946ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಬಾಬಾಸಾಹೇಬರ ಮೇಲೆ ನಮ್ಮಲ್ಲಿ ಪದ್ಯ ಎಷ್ಟಿಲ್ಲ! ಕಾರ್ಖಾನೆ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ಇಳಿಸಿದ 1946ರ ತಿದ್ದುಪಡಿಯ ಮೇಲೆ ಒಂದು ಸಾಲನ್ನೂ ನಾನು ಓದಿಲ್ಲ, ಬರೆದೂ ಇಲ್ಲ. ಪೊರಕೆ ಕತ್ತಿಯಾಗುತ್ತದೆ ಅಂತ ನಾನೊಂದು ಪದ್ಯ ಬರೆದು ಅವ್ವನಿಗೆ ಓದಿ ಹೇಳಿದ್ದೆ. 'ಪೊರ್ಕೆ ಕತ್ತಿ ಆಗೋದ್ರೆ ಗುಡ್ಸೋದು ಯಾವ್ದ್ರಲ್ಲ್ಲಾ?' ಅಂದಿದ್ದಳು. ಇದಕ್ಕಿಂತ ಖಾರದ ವಿಮರ್ಶೆ ನನಗೆ ಬಂದಿಲ್ಲ.

ಪದ್ಯ ಕೆಲಸಕ್ಕೆ ಬರಲಿಲ್ಲ. ಅವ್ವನ ಎಲೆಅಡಿಕೆ ಚೀಲ ಬಂತು. ಅದರ ತಳದಲ್ಲಿ ಕೂಲಿ ಚೀಟಿಗಳು ಮಡಿಸಿಕೊಂಡಿದ್ದವು, ಎರಡು ಹೆಸರಿನವೂ. ಒಂದೊಂದರ ಮೇಲೂ ಹೆಬ್ಬೆಟ್ಟು. ಕಾಗದ ಬಿಸಾಕಬಾರದು ಅಂತ ಅವಳಿಗೆ ಯಾವ ಸಂಘವೂ ಹೇಳಿಕೊಟ್ಟಿರಲಿಲ್ಲ.

ಕಾರ್ಮಿಕ ಇಲಾಖೆಯಲ್ಲಿ ಸಾಹೇಬರು ಚೀಟಿಗಳನ್ನು ಎರಡು ಗುಂಪು ಮಾಡಿ, 'ಈ ಲಕ್ಕಮ್ಮ ಯಾರಮ್ಮ, ಕರ್ಕೊಂಬಾ' ಅಂದರು. ಅವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮೇಜಿನ ಮೇಲಿಟ್ಟಳು. 'ಇಬ್ರೂ ನಾನೇ ಸ್ವಾಮಿ. ಒತ್ತಿಸ್ಕೊಂಡು ನೋಡಿ.'