ಈ ಕುದುರೆಗೆ ಮೇವು ಹಾಕುವವರು ಯಾರು?

1950, 60ರ ದಶಕದ ಅಮೆರಿಕನ್ ಕಾಮಿಕ್ಸ್ ಪುಸ್ತಕಗಳ ಹಿಂಬದಿ ಪುಟಗಳಲ್ಲಿ ಒಂದು ಜಾಹೀರಾತು ಬರುತ್ತಿತ್ತು: ದುಡ್ಡು ಕಳಿಸಿ, ಜೀವಂತ ಕಡಲಕುದುರೆ ಅಂಚೆಯಲ್ಲಿ ನಿಮ್ಮ ಮನೆಗೆ ಬರುತ್ತದೆ. ಬರುತ್ತಿದ್ದದ್ದು ಫ್ಲೋರಿಡಾ ಕಡೆಯ ಕುಳ್ಳ ಜಾತಿ, ಉದ್ದ ಹೆಚ್ಚೆಂದರೆ ಒಂದು ಇಂಚಿನ ಆಸುಪಾಸು. ಮಕ್ಕಳು ಅದನ್ನು ಗಾಜಿನ ಬೋಗುಣಿಗೆ ಬಿಟ್ಟು ಕಣ್ಣರಳಿಸಿ ನೋಡುತ್ತಿದ್ದರು. ಆ ನೋಟ ಬಹಳ ದಿನ ನಡೆಯುತ್ತಿರಲಿಲ್ಲ. ಕಡಲಕುದುರೆ ಮನೆಯಲ್ಲಿ ಬದುಕದು ಎಂಬ ಅಪಖ್ಯಾತಿಗೆ ಆ ಬೋಗುಣಿಗಳ ಕಾಣಿಕೆ ಸಣ್ಣದಲ್ಲ.

ಈಗ ಮಾರುವವರು ಬೇರೆ ಮಾತು ಆಡುತ್ತಾರೆ. ಹವಾಯಿಯ ಕೋನಾದಲ್ಲಿ 1998ರಿಂದ ನಡೆಯುತ್ತಿರುವ ‘ಓಷನ್ ರೈಡರ್’ನಂಥ ಸಾಕಣೆ ಕೇಂದ್ರಗಳಲ್ಲಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕಡಲಕುದುರೆಗಳಿವೆ. ಇವು ಹೆಪ್ಪುಗಟ್ಟಿಸಿದ ಮೈಸಿಡ್ ಸೀಗಡಿಯನ್ನು ತಿನ್ನಲು ಕಲಿತಿರುತ್ತವೆ. ಕಡಲಿನಿಂದ ಹಿಡಿದು ತಂದವು ಹಾಗಲ್ಲ; ಅಲುಗಾಡದ್ದನ್ನು ಆಹಾರವೆಂದೇ ಒಪ್ಪದೆ, ತುಂಬಿದ ತಟ್ಟೆಯ ಮುಂದೆ ಉಪವಾಸ ಬಿದ್ದು ಸಾಯುತ್ತವೆ. ಹಾಗಾಗಿ ತೊಟ್ಟಿಯಲ್ಲಿ ಹುಟ್ಟಿದ್ದನ್ನು ತಂದರೆ ಹೊಸಬರೂ ಸಾಕಬಹುದು ಎಂಬುದು ವಾದ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಹವಳದ ತೊಟ್ಟಿ ಇಟ್ಟು ಪಳಗಿದವರಿಗಿಂತ ಏನೂ ಗೊತ್ತಿಲ್ಲದವರೇ ವಾಸಿಯಂತೆ!

ಈ ಎರಡನೆಯ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹವಳ ಸಾಕುವವರಿಗೆ ಬೇಕಾದದ್ದು ರಭಸದ ನೀರು, 25 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸುಪು, ಚುರುಕು ಮೀನುಗಳು. ಕಡಲಕುದುರೆಗೆ ಈ ಮೂರೂ ಆಗಿಬರುವುದಿಲ್ಲ. ಬೆನ್ನಿನ ಮೇಲಿನ ಪುಟ್ಟ ಈಜುರೆಕ್ಕೆಯನ್ನು ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸಲ ಬಡಿದರೂ ಅದು ಸಾಗುವುದು ತೇರಿನ ಗತಿಯಲ್ಲಿ. ನೀರು ಬೆಚ್ಚಗಾದಷ್ಟೂ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಮೈ ಹುಣ್ಣಾಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಸಾಕುವ ಜಾತಿಗಳಿಗೆ 20ರಿಂದ 23 ಡಿಗ್ರಿಯ ನೀರು ಬೇಕು. ಅಂದರೆ ಸೆಕೆಯ ಊರಿನಲ್ಲಿ ತೊಟ್ಟಿಗೊಂದು ಚಿಲ್ಲರ್. ಹವಳದ ತೊಟ್ಟಿಯ ಜಂಭವಿದ್ದವರು ಇಲ್ಲಿ ಎಡವುವುದು ನಿಜ.

ಆದರೆ ಆ ಜಂಭದ ಹಿಂದೆ ಒಂದು ವಿದ್ಯೆಯೂ ಇದೆಯಲ್ಲ. ಉಪ್ಪುನೀರಿನ ತೊಟ್ಟಿ ತುಂಬಿಸಿದ ದಿನವೇ ಪ್ರಾಣಿ ಬಿಡುವಂತಿಲ್ಲ. ಹೊಲಸಿನಿಂದ ಏಳುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕಾರು ವಾರ ಬೇಕು. ‘ಟ್ಯಾಂಕ್ ಸೈಕಲ್ ಆಗಲಿ’ ಎಂದು ಬರಿಯ ನೀರನ್ನು ವಾರಗಟ್ಟಲೆ ನೋಡುತ್ತ ಕೂರುವ ತಾಳ್ಮೆ ಒಂದೆರಡು ತೊಟ್ಟಿ ಕೆಡಿಸಿಕೊಂಡ ಮೇಲೆ ಬರುವಂಥದ್ದು. ಮೊದಲ ಪಾಠಕ್ಕೆ ಕಡಲಕುದುರೆಯನ್ನೇ ತಂದರೆ ಆ ಪಾಠದ ಶುಲ್ಕ ಕಟ್ಟುವುದು ಕುದುರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಅದರ ಒಡಲಲ್ಲೇ ಇದೆ. ಕಡಲಕುದುರೆಗೆ ಜಠರವಿಲ್ಲ. ಹಲ್ಲೂ ಇಲ್ಲ. ಕೊಳವೆಯಂಥ ಮೂತಿಯಿಂದ ಹೀರಿಕೊಂಡದ್ದು ನೇರ ಕರುಳಿಗೆ ಇಳಿದು, ಅರ್ಧಂಬರ್ಧ ಅರಗಿ ಆಚೆ ಹೋಗುತ್ತದೆ. ಕೂಡಿಟ್ಟುಕೊಳ್ಳಲು ಉಗ್ರಾಣವಿಲ್ಲದ್ದರಿಂದ ಮತ್ತೆ ಮತ್ತೆ ತಿನ್ನಬೇಕು. ದಿನಕ್ಕೆ ಎರಡು ಮೂರು ಸಲ ಉಣಿಸಬೇಕು. ತಿನ್ನುವುದಾದರೂ ಹೇಗೆ? ಬಾಲವನ್ನು ಕಡ್ಡಿಗೆ ಸುತ್ತಿ, ಒಂದು ಕಣ್ಣನ್ನು ಇತ್ತ, ಇನ್ನೊಂದನ್ನು ಅತ್ತ ತಿರುಗಿಸಿ, ಎದುರಿನ ಸೀಗಡಿಯನ್ನು ಸಾವಕಾಶವಾಗಿ ಪರೀಕ್ಷಿಸಿ ಆಮೇಲೆ ಟಕ್ಕೆಂದು ಸೆಳೆದುಕೊಳ್ಳುತ್ತದೆ. ನಾವು ಮರುಳಾಗುವುದು ಈ ನಿಧಾನಕ್ಕೇ. ಪಕ್ಕದಲ್ಲಿ ಚುರುಕು ಮೀನುಗಳಿದ್ದರೆ ಅಷ್ಟರಲ್ಲಿ ಪಂಕ್ತಿಯೇ ಎದ್ದಿರುತ್ತದೆ. ಯಾರೂ ಇಲ್ಲದಿದ್ದರೆ ಉಳಿದದ್ದು ತಳಕ್ಕೆ ಬಿದ್ದು ಕೊಳೆತು, ಅದೇ ಅಮೋನಿಯಾ. ಹೊಟ್ಟೆಬಾಕತನ ಮತ್ತು ನಿಧಾನ ಒಂದೇ ದೇಹದಲ್ಲಿ ಕೂಡಿರುವ ಇಂಥ ಅತಿಥಿಗೆ ಬಡಿಸುವುದು ಹೊಸಬರ ಕೆಲಸವೆಂದು ನನಗನ್ನಿಸುವುದಿಲ್ಲ.

ಮರಿಗಳ ಮಾತು ಬೇರೆಯೇ. ಗಂಡು ತನ್ನ ಚೀಲದಲ್ಲಿ ಹೊತ್ತು ನೂರಾರು ಮರಿ ಹೆರುವುದನ್ನು ನೋಡಿ ಹಿಗ್ಗುವವರು, ಮರುದಿನ ಬೆಳಿಗ್ಗೆಯಿಂದ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಮರಿಗಳನ್ನು ಹೊತ್ತುಹೊತ್ತಿಗೂ ಒದಗಿಸಲು ಟೊಂಕ ಕಟ್ಟಬೇಕು.

ಸಾಕುವವರ ಪರವಾಗಿಯೂ ಒಂದು ಮಾತು ಹೇಳಬೇಕು. ಆಸ್ಟ್ರೇಲಿಯಾದ ಸಿಡ್ನಿಯ ಕಡಲಲ್ಲಿ ಇವುಗಳ ಬಾಳನ್ನು ನೀರಿಗಿಳಿದು ಗಮನಿಸಿದ ಜೀವವಿಜ್ಞಾನಿ ಅಮಂಡಾ ವಿನ್ಸೆಂಟ್, ಜೋಡಿಗಳು ಪ್ರತಿ ಬೆಳಿಗ್ಗೆ ಭೇಟಿಯಾಗಿ, ಬಣ್ಣ ಬದಲಿಸಿ, ಒಟ್ಟಿಗೆ ಕುಣಿದು ಬೀಳ್ಕೊಡುವುದನ್ನು ದಾಖಲಿಸಿದರು. ನೆಟ್ಟಗೆ ಮೇಲೇರುತ್ತ ಕುಣಿಯುವ ಈ ಜೀವಿಗಳಿಗೆ ಅಗಲಕ್ಕಿಂತ ಎತ್ತರವಿರುವ ತೊಟ್ಟಿ ಬೇಕು ಎಂಬುದನ್ನು ಒಳ್ಳೆಯ ಸಾಕಣೆಗಾರರು ಬಲ್ಲರು, ಅದಕ್ಕೆ ದುಡ್ಡೂ ಹಾಕುತ್ತಾರೆ. ನನ್ನ ತಕರಾರು ಅಂಥವರ ಮೇಲಲ್ಲ.

ಭಾರತದಲ್ಲಂತೂ ಈ ಚರ್ಚೆಗೆ ಎಡೆಯೇ ಇಲ್ಲ. 2001ರಲ್ಲಿ ಕಡಲಕುದುರೆಯನ್ನೂ ಅದರ ದಾಯಾದಿ ಕೊಳವೆ ಮೀನುಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ನಮ್ಮ ಕಡಲಿನದನ್ನು ಹಿಡಿದು ತಂದು ಸಾಕುವುದು ಅಪರಾಧ. ಒಣಗಿಸಿ ಚೀನೀ ಔಷಧಿಗೆಂದು ಕಳ್ಳಸಾಗಣೆ ಮಾಡುವವರು ತಮಿಳುನಾಡಿನ ತೀರದಲ್ಲಿ ಆಗಾಗ ಸಿಕ್ಕಿಬೀಳುತ್ತಾರೆ. ಸಿಕ್ಕಿದ್ದನ್ನೆಲ್ಲ ಬಾಚುವ ಟ್ರಾಲ್ ಬಲೆಗೆ ಮಾತ್ರ ಯಾವ ಅನುಸೂಚಿಯೂ ಓದಲು ಬಾರದು.

ಹಾಗಾಗಿ ಈ ಪ್ರಶ್ನೆ ಉಳಿಯುವುದು ಅಮೆರಿಕದಂಥ ಕಡೆ ನೆಲೆಸಿದ ನಮ್ಮವರಿಗೆ. ಎರಡು ವರ್ಷಕ್ಕೊಮ್ಮೆ ಮೂರು ವಾರ ಊರಿಗೆ ಬರುವಾಗ ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು, ತುಳಸಿಗೆ ನೀರು ಹಾಕಿ ಎನ್ನಬಹುದು. ದಿನಕ್ಕೆ ಮೂರು ಹೊತ್ತು ಬಂದು, ಸೀಗಡಿ ಕರಗಿಸಿ, ಅದು ತಿಂದು ಮುಗಿಸುವ ತನಕ ಕಾದು, ಮಿಕ್ಕಿದ್ದನ್ನು ಪೈಪಿನಿಂದ ಹೀರಿ ತೆಗೆಯಿರಿ ಎಂದು ಯಾವ ಬಾಯಲ್ಲಿ ಕೇಳುವುದು?