ಒಗಟು ಬಿಡಿಸಿದವರೆಲ್ಲ ಪ್ರೋಗ್ರಾಮರ್‌ಗಳೆ?

ಎಂಟು ಗುಂಡುಗಳಿವೆ. ನೋಡಲು ಎಲ್ಲವೂ ಒಂದೇ ರೀತಿ. ಒಂದರ ತೂಕ ಮಾತ್ರ ತುಸು ಹೆಚ್ಚು. ತಕ್ಕಡಿಯನ್ನು ಎರಡೇ ಬಾರಿ ಬಳಸಿ ಅದನ್ನು ಪತ್ತೆಹಚ್ಚಬೇಕು. ಮುಂದೆ ಓದುವ ಮೊದಲು ನೀವೇ ಯೋಚಿಸಿ ನೋಡಿ.

ನಾಲ್ಕು-ನಾಲ್ಕಾಗಿ ತೂಗುತ್ತ ಹೋದರೆ ಮೂರು ಬಾರಿ ತೂಗಬೇಕಾಗುತ್ತದೆ. ಮೂರು-ಮೂರಾಗಿ ತೂಗಿ ಎರಡನ್ನು ಹೊರಗಿಟ್ಟರೆ ಎರಡು ಬಾರಿ ಸಾಕು. ತಕ್ಕಡಿ ಎಡಕ್ಕೆ ವಾಲಬಹುದು, ಬಲಕ್ಕೆ ವಾಲಬಹುದು, ಸಮವಾಗಿಯೂ ನಿಲ್ಲಬಹುದು. ಒಂದು ತೂಕಕ್ಕೆ 3 ಫಲಿತಾಂಶಗಳಾದರೆ ಎರಡಕ್ಕೆ 3 × 3 = 9. ‘ಸಮವಾಗಿ ನಿಲ್ಲುವುದೂ ಒಂದು ಉತ್ತರ’ ಎಂಬ ಒಂದೇ ಹೊಳಹು ಸಿಕ್ಕರೆ ಒಗಟು ಮುಗಿಯಿತು.

ಸಾಫ್ಟ್‌ವೇರ್ ಉದ್ಯೋಗದ ಆಯ್ಕೆಯಲ್ಲಿ ಇಂತಹ ಒಗಟುಗಳಿಗೆ ಬಹುಕಾಲ ಮನ್ನಣೆಯಿತ್ತು. ಮೈಕ್ರೋಸಾಫ್ಟ್ ಸಂದರ್ಶನಗಳ ಒಗಟುಗಳನ್ನು ಕುರಿತೇ ವಿಲಿಯಂ ಪೌಂಡ್‌ಸ್ಟೋನ್ 2003ರಲ್ಲಿ ಒಂದು ಪುಸ್ತಕ ಬರೆದರು. ನಮ್ಮಲ್ಲಿ ಇನ್ಫೋಸಿಸ್‌ನ ಆಯ್ಕೆ ಪರೀಕ್ಷೆಗೆ ಕೂರುವವರು ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರ ಒಗಟಿನ ಪುಸ್ತಕಗಳನ್ನು ಅರೆದು ಕುಡಿಯುತ್ತಿದ್ದರು. ಒಗಟು ಬಿಡಿಸುವವರು ಒಳ್ಳೆಯ ಪ್ರೋಗ್ರಾಮ್ ಬರೆಯಬಲ್ಲರು ಎಂಬುದು ಇದರ ಹಿಂದಿನ ನಂಬಿಕೆ. ಅದು ಸರಿಯೆ?

ಒಗಟನ್ನು ಅಳತೆಯ ಒಂದು ಉಪಕರಣವೆಂದು ಭಾವಿಸೋಣ. ಉಪಕರಣ ಹೇಗಿರಬೇಕೆಂಬುದನ್ನು ತಿಮ್ಮಾಪುರದ ಸುತ್ತಲಿನ ಕಬ್ಬು ಬೆಳೆಗಾರರಿಗೆ ಯಾರೂ ಕಲಿಸಬೇಕಿಲ್ಲ. ಒಂದೇ ಗಾಡಿಯನ್ನು ಕಾಟಾದ ಮೇಲೆ ಎರಡು ಸಲ ನಿಲ್ಲಿಸಿದರೂ ಅದೇ ತೂಕ ಬರಬೇಕು. ತೂಕ ಸರಿಯಾಗಿ ಬಂದರೂ ಅದು ಕಬ್ಬಿನ ತೂಕವೇ ಹೊರತು ಸಕ್ಕರೆಯ ಇಳುವರಿಯಲ್ಲ. ಇಳುವರಿ ತಿಳಿಯಲು ರಸವನ್ನೇ ಪರೀಕ್ಷಿಸಬೇಕು.

ಒಗಟು ಈ ಎರಡೂ ಕಡೆ ಸೋಲುತ್ತದೆ. ಮೊದಲೇ ಕೇಳಿದ್ದವರಿಗೆ ಅದು ನೆನಪಿನ ಪರೀಕ್ಷೆ. ಕೇಳದವರಿಗೆ ಹೊಳಹಿನ ಪರೀಕ್ಷೆ. ಅಂಕ ಮಾತ್ರ ಒಂದೇ! ನಗರದಲ್ಲಿ ತರಬೇತಿ ಪಡೆದ ವಿದ್ಯಾರ್ಥಿ ಆ ಒಗಟನ್ನು ಹತ್ತು ಸಲ ಬಿಡಿಸಿರುತ್ತಾನೆ. ಹಳ್ಳಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿನಿ ಅದನ್ನು ಮೊದಲ ಬಾರಿಗೆ, ಅದೂ ಇಂಗ್ಲಿಷಿನಲ್ಲಿ, ಕೇಳುತ್ತಾಳೆ. ಇಲ್ಲಿ ಅಳೆದದ್ದು ಯಾವುದನ್ನು?

ಇನ್ನು ಎರಡನೆಯದು. 1ರಿಂದ 100ರವರೆಗಿನ ಒಂದು ಸಂಖ್ಯೆಯನ್ನು ನಾನು ನೆನೆದುಕೊಂಡರೆ, ನೀವು ‘ಹೌದು-ಅಲ್ಲ’ ಉತ್ತರದ ಏಳು ಪ್ರಶ್ನೆಗಳಲ್ಲಿ ಅದನ್ನು ಕಂಡುಹಿಡಿಯಬಹುದು. ಪ್ರತಿ ಸಲ ಉಳಿದ ಸಂಖ್ಯೆಗಳನ್ನು ಅರ್ಧ ಮಾಡುತ್ತ ಹೋದರಾಯಿತು. ಕಂಪ್ಯೂಟರ್ ವಿಜ್ಞಾನದಲ್ಲಿ ಇದೇ ‘ಬೈನರಿ ಸರ್ಚ್’. ಒಗಟಾಗಿ ಇದು ಸುಲಭ. ಆದರೆ ಜಾವಾ ಭಾಷೆಯ ಗ್ರಂಥಾಲಯದಲ್ಲಿದ್ದ ಈ ಪ್ರೋಗ್ರಾಮ್‌ನಲ್ಲಿ ಒಂದು ದೋಷ ಸುಮಾರು ಒಂಬತ್ತು ವರ್ಷ ಅಡಗಿತ್ತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ನಡುವಿನ ಸ್ಥಾನ ತಿಳಿಯಲು ಎರಡು ತುದಿಗಳನ್ನು ಕೂಡಿಸಿ 2ರಿಂದ ಭಾಗಿಸಲಾಗಿತ್ತು. 32 ಬಿಟ್‌ಗಳ ಪೂರ್ಣಾಂಕದ ಗರಿಷ್ಠ ಬೆಲೆ 2,14,74,83,647. ಪಟ್ಟಿಯಲ್ಲಿ ಸುಮಾರು 107 ಕೋಟಿಗಿಂತ ಹೆಚ್ಚು ಅಂಶಗಳಿದ್ದಾಗ ಮೊತ್ತ ಈ ಮಿತಿಯನ್ನು ಮೀರಿ ಋಣ ಸಂಖ್ಯೆಯಾಗಬಹುದು! ಮೊದಲ ತುದಿಗೆ ಅಂತರದ ಅರ್ಧವನ್ನು ಕೂಡಿಸಿದರೆ ದೋಷವಿಲ್ಲ. ಉಪಾಯ ಹೊಳೆಯುವುದು ಒಂದು ಕ್ಷಣದ ಕೆಲಸ. ಅದು ಎಲ್ಲಿ ಮುರಿಯುತ್ತದೆಂದು ತಾಳ್ಮೆಯಿಂದ ಹುಡುಕುವುದೇ ಪ್ರೋಗ್ರಾಮಿಂಗ್. ಒಗಟು ಇದನ್ನು ಅಳೆಯುವುದೇ ಇಲ್ಲ.

‘ಉತ್ತರ ಮುಖ್ಯವಲ್ಲ, ಯೋಚಿಸುವ ರೀತಿಯನ್ನು ನೋಡುತ್ತೇವೆ’ ಎನ್ನುವವರಿದ್ದಾರೆ. ಮಾತು ಚೆನ್ನಾಗಿದೆ. ಆದರೆ ಯಾವ ರೀತಿಗೆ ಎಷ್ಟು ಅಂಕ ಎಂದು ಮೊದಲೇ ಗೊತ್ತುಮಾಡದಿದ್ದರೆ ಅದು ಸಂದರ್ಶಕರ ಅಭಿರುಚಿಯಷ್ಟೆ. ಆಗ ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್, ಒಗಟುಗಳು ಏನನ್ನೂ ಮುನ್ಸೂಚಿಸುವುದಿಲ್ಲವೆಂದು 2013ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು. ಹಲವು ಬಗೆಯ ಉದ್ಯೋಗಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪೌಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನೂ ನೋಡಿ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಂಕಪದ್ಧತಿ ಇರುವ ಸಂದರ್ಶನಕ್ಕೂ ಮುಂದಿನ ಕೆಲಸಕ್ಕೂ ಇರುವ ಸಹಸಂಬಂಧ 0.42. ಮನಬಂದಂತೆ ನಡೆಸುವ ಸಂದರ್ಶನದ್ದು 0.19 ಮಾತ್ರ.

ಹಾಗಾದರೆ ಒಗಟುಗಳನ್ನು ಬಿಟ್ಟೇಬಿಡಬೇಕೆ? ಬೇಡ. ಅವುಗಳ ಸ್ಥಾನ ತರಗತಿಯಲ್ಲಿದೆ. ಅಲ್ಲಿ ಸೋತವರಿಗೆ ಉತ್ತರವನ್ನು ವಿವರಿಸಲು ಅಧ್ಯಾಪಕರಿರುತ್ತಾರೆ, ಯಾರ ಕೆಲಸವೂ ಹೋಗುವುದಿಲ್ಲ. ಅಧ್ಯಾಪಕ ಮಿತ್ರರೆ, ಮುಂದಿನ ಸಲ ಎಂಟು ಗುಂಡುಗಳ ಒಗಟು ಕೊಟ್ಟ ಮೇಲೆ ದೋಷವಿರುವ ಹತ್ತು ಸಾಲಿನ ಒಂದು ಪ್ರೋಗ್ರಾಮನ್ನೂ ಕೊಟ್ಟು, ‘ಇದು ಯಾವಾಗ ತಪ್ಪುತ್ತದೆ?’ ಎಂದು ಕೇಳಿ. ಎರಡರಲ್ಲೂ ಮೊದಲಿಗರು ಒಬ್ಬರೇ ಆಗಿರುತ್ತಾರೆಯೆ? ನೀವೇ ಪರೀಕ್ಷಿಸಿ ನೋಡಿ.